ಬ್ರಹ್ಮಾಂಡದ ಕಚೇರಿ: ಡಗ್ಲಸ್ ಆಡಮ್ಸನ ಹಾಸ್ಯ ಕಾದಂಬರಿ

ವಿಜ್ಞಾನವನ್ನು ಆಧಾರವಾಗಿಟ್ಟುಕೊಂಡು ಹುಟ್ಟಿದ ಕಾಲ್ಪನಿಕ ಕಾದಂಬರಿಯು ಪಾಶ್ಚಾತ್ಯ ಸಾಹಿತ್ಯದಲ್ಲಿ ಬಹುಮಟ್ಟಿಗೆ ಗಂಭೀರವಾದ ಮುಖವನ್ನೇ ಹೊತ್ತು ಬಂದಿದೆ. ಯಂತ್ರದ ಮಹಿಮೆಯನ್ನು ಹಾಡುವುದು, ಇಲ್ಲವೆ ಅದರ ಕೇಡನ್ನು ಸಾರಿ ಹೆದರಿಸುವುದು, ಇವೆರಡರ ನಡುವೆ ನಗುವಿಗೆ ದೊರೆತ ಎಡೆ ಸ್ವಲ್ಪವೇ. ಆದುದರಿಂದ 1979ರಲ್ಲಿ ಲಂಡನ್ನಿನ ಪ್ಯಾನ್ ಪ್ರಕಾಶನದಿಂದ ಹೊರಬಂದ ‘ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’ ಆ ಕುಲದಲ್ಲಿ ಒಂದು ಅಪವಾದವೆಂದೇ ಹೇಳಬೇಕು. ದಾರಿಯಲ್ಲಿ ಹೋಗುವ ವಾಹನಗಳಿಗೆ ಕೈಯೊಡ್ಡಿ ಪುಕ್ಕಟೆಯಾಗಿ ಊರೂರು ತಿರುಗುವ ಬಡ ಪ್ರವಾಸಿಗಾಗಿ ಯೂರೋಪಿನಲ್ಲಿ ಕೈಪಿಡಿಗಳಿದ್ದವು; ಅಂಥದೊಂದನ್ನು ನಕ್ಷತ್ರಮಂಡಲಕ್ಕೇ ಬರೆದರೆ ಹೇಗಿದ್ದೀತೆಂಬುದು ಗ್ರಂಥಕರ್ತನಾದ ಡಗ್ಲಸ್ ಆಡಮ್ಸನ ಮೂಲ ಕಲ್ಪನೆ. ಎರಡು ತಲೆಯ ಅಧ್ಯಕ್ಷ, ಬಾಳೇ ಬೇಸರವಾದ ಯಂತ್ರಮಾನವ ಮೊದಲಾದ ವಿಚಿತ್ರಗಳು ಅಲ್ಲಿ ಹೇರಳವಾಗಿವೆ. ಆದರೆ ವಿಚಿತ್ರವೆಂಬುದು ಬೇಗನೆ ಹಳಸುವ ಸರಕು. ನಾಲ್ಕು ದಶಕಗಳು ಕಳೆದ ಮೇಲೂ ಈ ಪುಸ್ತಕವು ಹಳಸದಿರುವುದಕ್ಕೆ ಕಾರಣವನ್ನು ಬೇರೆಡೆಯಲ್ಲಿ ಹುಡುಕಬೇಕು.

ಮೊದಲನೆಯದಾಗಿ, ಇದು ಓದುವುದಕ್ಕಾಗಿ ಹುಟ್ಟಿದುದಲ್ಲ, ಕೇಳುವುದಕ್ಕಾಗಿ ಹುಟ್ಟಿದುದು. 1952ರಲ್ಲಿ ಕೇಂಬ್ರಿಜಿನಲ್ಲಿ ಜನಿಸಿ ಅಲ್ಲಿಯೇ ಇಂಗ್ಲೀಷ್ ಸಾಹಿತ್ಯವನ್ನು ಅಭ್ಯಸಿಸಿದ ಆಡಮ್ಸನು ಇದನ್ನು ಬಿ.ಬಿ.ಸಿ. ರೇಡಿಯೋಕ್ಕೆ ನಾಟಕರೂಪದಲ್ಲಿ ಬರೆದನು. 1978ರ ಮಾರ್ಚ್ 8ರ ರಾತ್ರಿ ಅದರ ಮೊದಲ ಕಂತು ಪ್ರಸಾರವಾಯಿತು. ಕೈಪಿಡಿಯ ದನಿಯಾಗಿ ಮಾತಾಡಿದವನು ಪೀಟರ್ ಜೋನ್ಸ್ ಎಂಬ ನಟ. ಲೋಕವೇ ಮುಳುಗುತ್ತಿದ್ದರೂ ಏರದ, ಇಳಿಯದ, ಸಭ್ಯ ಗೃಹಸ್ಥನ ದನಿ ಅದು. ಕಾದಂಬರಿಯ ಗದ್ಯದಲ್ಲಿ ಈ ದನಿಯೇ ಉಳಿದುಬಂದಿದೆ. ಆಡಮ್ಸನು ಬಹುವಾಗಿ ಮೆಚ್ಚಿದ ಲೇಖಕನು ಪಿ. ಜಿ. ವುಡ್‌ಹೌಸ್, ಗಂಭೀರವಾಗಿ ಹೊರಟ ವಾಕ್ಯವು ಕಟ್ಟಕಡೆಯ ಪದದಲ್ಲಿ ಮುಗ್ಗರಿಸುವ ವುಡ್‌ಹೌಸನ ಕೌಶಲವು ಇಲ್ಲಿಯೂ ಕಾಣುತ್ತದೆ. ಇಂಥ ವಾಕ್ಯವನ್ನು ಕನ್ನಡಿಸಹೊರಟವನ ಪಾಡು ಸುಲಭದ್ದಲ್ಲ: ಮುಗ್ಗರಿಸಬೇಕಾದ ಪದಕ್ಕೆ ಮೀಸಲಾದ ಜಾಗದಲ್ಲಿ ನಮ್ಮ ಕ್ರಿಯಾಪದವು ಮೊದಲೇ ಬಂದು ಕುಳಿತಿರುತ್ತದೆ.

ದನಿಗಿಂತಲೂ ಮುಖ್ಯವಾದುದು ಕಥೆಯ ಕಟ್ಟು. ಆರ್ಥರ್ ಡೆಂಟ್ ಎಂಬ ಸಾಮಾನ್ಯ ಇಂಗ್ಲೀಷ್ ಗೃಹಸ್ಥನು ಒಂದು ಗುರುವಾರ ಬೆಳಗ್ಗೆ ಎದ್ದು ನೋಡಿದರೆ, ಬೈಪಾಸ್ ರಸ್ತೆಗಾಗಿ ತನ್ನ ಮನೆಯನ್ನು ಕೆಡವಲು ಯಂತ್ರಗಳು ಬಾಗಿಲಿಗೆ ಬಂದಿವೆ. ಯೋಜನೆಯ ನಕ್ಷೆ ಬಹಳ ದಿನಗಳಿಂದಲೂ ಸಾರ್ವಜನಿಕರ ಅವಗಾಹನೆಗೆ ಲಭ್ಯವಿದ್ದಿತೆಂದು ಅಧಿಕಾರಿಯು ಹೇಳುವನು. ನಿಜವೇ. ಅದು ಇದ್ದುದು ಕಚೇರಿಯ ನೆಲಮಾಳಿಗೆಯ ಪಾಯಖಾನೆಯೊಂದರಲ್ಲಿ, ಬೀಗ ಹಾಕಿದ ಕಪಾಟಿನೊಳಗೆ. ಬಾಗಿಲ ಮೇಲೆ ಚಿರತೆಯಿದೆಯೆಂಬ ಎಚ್ಚರಿಕೆಯ ಫಲಕ ಬೇರೆ. ಈ ಜಗಳ ಮುಗಿಯುವ ಮೊದಲೇ ವೋಗನ್ ಎಂಬ ಅನ್ಯಲೋಕದ ಜಾತಿಯ ನೌಕೆಗಳು ಆಕಾಶವನ್ನು ತುಂಬುವುವು. ಅಂತರಿಕ್ಷದ ಹೆದ್ದಾರಿಯೊಂದರ ದಾರಿಯಲ್ಲಿ ಭೂಮಿಯು ಅಡ್ಡಲಾಗಿದೆ, ಕೆಡವಬೇಕಾಗಿದೆ. ನಕ್ಷೆಯು ಆಲ್ಫಾ ಸೆಂಟಾರಿಯ ಕಚೇರಿಯಲ್ಲಿ ಐವತ್ತು ವರ್ಷಗಳಿಂದ ತೂಗುತ್ತಿದ್ದಿತಂತೆ. ನಾಲ್ಕು ಜ್ಯೋತಿರ್ವರ್ಷಗಳ ದೂರ ಹೋಗಿ ಅದನ್ನು ನೋಡಿಬರದವರದೇ ತಪ್ಪು! ವೋಗನ್ನರು ದುಷ್ಟರಲ್ಲ, ನಿಯಮವನ್ನು ಪಾಲಿಸುವವರು. ದ್ವೇಷದಿಂದ ನಾಶವಾಗುವ ಲೋಕವು ದುರಂತಕ್ಕೆ ವಸ್ತು. ಕಡತವೊಂದು ಮುಂದಕ್ಕೆ ಸರಿದುದರಿಂದ ನಾಶವಾಗುವ ಲೋಕವು ಹಾಸ್ಯಕ್ಕೆ ಮಾತ್ರ ಎಟಕುವ ವಸ್ತು. ಸರ್ಕಾರಿ ಕಚೇರಿಯ ಕಟ್ಟೆಯ ಮುಂದೆ ಅರ್ಜಿ ಹಿಡಿದು ನಿಂತ ಅನುಭವವಿರುವ ಯಾವ ದೇಶದ ವಾಚಕನಿಗೂ ಇದಕ್ಕೆ ಟಿಪ್ಪಣಿ ಬೇಕಾಗದು.

ಇಷ್ಟೇ ಆಗಿದ್ದರೆ ಇದು ಒಂದು ಒಳ್ಳೆಯ ವಿಡಂಬನೆಯೆನಿಸಿ ನಿಲ್ಲುತ್ತಿತ್ತು. ಕಾದಂಬರಿಯ ತಿರುಳು ಇರುವುದು ಇದರ ಮುಂದಿನ ಒಂದೆರಡು ಪುಟಗಳಲ್ಲಿ. ಗೆಳೆಯ ಫೋರ್ಡ್ ಪ್ರಿಫೆಕ್ಟನ ಸಹಾಯದಿಂದ ಉಳಿದುಕೊಂಡ ಆರ್ಥರನು ಅನ್ಯರ ನೌಕೆಯಲ್ಲಿ ಕುಳಿತು, ಭೂಮಿಯೇ ಇಲ್ಲವಾಯಿತೆಂಬುದನ್ನು ಮನಸ್ಸಿಗೆ ತಂದುಕೊಳ್ಳಲು ಯತ್ನಿಸುವನು. ತಂದೆತಾಯಿಗಳನ್ನೂ ತಂಗಿಯನ್ನೂ ನೆನೆಯುವನು, ಮನಸ್ಸು ಮಿಡಿಯದು. ಎರಡು ದಿನಗಳ ಹಿಂದೆ ಅಂಗಡಿಯ ಸರತಿಯಲ್ಲಿ ತನ್ನ ಮುಂದೆ ನಿಂತಿದ್ದ ಅಪರಿಚಿತನೊಬ್ಬನು ನೆನಪಾದಾಗ ಎದೆಯಲ್ಲಿ ಚುಚ್ಚಿದಂತಾಗುವುದು. ನೆಲ್ಸನ್ನನ ಸ್ತಂಭವು ಹೋಯಿತು. ಹೋಯಿತೆಂದು ಕೂಗಾಡಲು ಕೂಡ ಯಾರೂ ಇಲ್ಲ. ಇನ್ನು ಇಂಗ್ಲೆಂಡು ಇರುವುದು ತನ್ನೊಬ್ಬನ ತಲೆಯೊಳಗೆ ಮಾತ್ರ ಎಂದು ಹೊಳೆದು ಅವನಿಗೆ ಉಸಿರು ಕಟ್ಟುವುದು. ಅಮೆರಿಕವು ಹೋಯಿತೆಂಬುದು ಗ್ರಹಿಕೆಗೆ ಬರದು, ನ್ಯೂಯಾರ್ಕೂ ಬರದು. ಕಡೆಗೆ, ಮ್ಯಾಕ್‌ಡೊನಾಲ್ಡ್ಸಿನ ಹ್ಯಾಂಬರ್ಗರ್ ಎಂಬ ತಿಂಡಿಯು ಇನ್ನೆಲ್ಲಿಯೂ ದೊರೆಯದೆಂದು ತಿಳಿದಾಗ ಅವನು ಮೂರ್ಛೆ ಹೋಗುವನು. ಎಚ್ಚರಗೊಂಡಾಗ ತಾಯಿಗಾಗಿ ಬಿಕ್ಕುತ್ತಿರುವನು. ಊರನ್ನು ಬಿಟ್ಟು ಬೇರೆಡೆ ನೆಲೆಸಿದವರಿಗೆ ಈ ಕ್ರಮವು ಅಪರಿಚಿತವಲ್ಲ: ಕೋಟೆಗೋಪುರಗಳು ಕದಡಲಾರದ ಮನಸ್ಸನ್ನು ಒಂದು ತಿಂಡಿಯ ವಾಸನೆಯು ಕದಡುತ್ತದೆ. ವಾಚಕನು ನಗುವುದು ಹ್ಯಾಂಬರ್ಗರಿಗೆ. ಆ ನಗುವಿನ ಬೆನ್ನಿಗೇ ತಾಯಿಯ ಮಾತು ಬರುವುದು.

ಪುಸ್ತಕದ ಅತ್ಯಂತ ಪ್ರಸಿದ್ಧ ಪ್ರಸಂಗವು 42ರದು. ಜೀವನ, ವಿಶ್ವ ಮೊದಲಾದ ಸಮಸ್ತಕ್ಕೂ ಉತ್ತರವೇನೆಂದು ‘ಡೀಪ್ ಥಾಟ್’ ಎಂಬ ಮಹಾಯಂತ್ರವನ್ನು ಕೇಳಲಾಗಿ, ಅದು 75 ಲಕ್ಷ ವರ್ಷ ಗಣಿಸಿ ‘ನಲವತ್ತೆರಡು’ ಎಂದು ತಿಳಿಸುವುದು. ಈ ಸಂಖ್ಯೆಯಲ್ಲಿ ಗೂಢಾರ್ಥವನ್ನು ಅಗೆಯುವವರು ಈಗಲೂ ಇದ್ದಾರೆ. ಅದು ಬರಿಯ ಹಾಸ್ಯವೆಂದೂ, ಸಾಧಾರಣವಾದೊಂದು ಸಣ್ಣ ಸಂಖ್ಯೆಯೆಂದೂ ಆಡಮ್ಸನೇ ಹೇಳಿದ್ದನು. ಹಾಸ್ಯದ ಮೊನೆಯಿರುವುದು ಸಂಖ್ಯೆಯಲ್ಲಿಯೇ ಅಲ್ಲ, ಕೇಳಿದವರಿಗೆ ಪ್ರಶ್ನೆಯೇ ಗೊತ್ತಿರಲಿಲ್ಲವೆಂಬುದರಲ್ಲಿ. ಜಿಜ್ಞಾಸೆಯಿಂದ ಶಾಸ್ತ್ರವನ್ನು ಆರಂಭಿಸುವ ಪರಂಪರೆಯಲ್ಲಿ ಬೆಳೆದವನಿಗೆ ಇದು ಹೊಸ ಮಾತೇನೂ ಅಲ್ಲ. ಆ ಪ್ರಶ್ನೆಯನ್ನು ಕಂಡುಹಿಡಿಯಲೆಂದೇ ಭೂಮಿಯನ್ನು ಒಂದು ಗಣಕಯಂತ್ರವಾಗಿ ನಿರ್ಮಿಸಲಾಗಿತ್ತು. ಕೋಟಿ ವರ್ಷಗಳ ಆ ಗಣನೆ ಮುಗಿಯಲು ಐದು ನಿಮಿಷಗಳಿರುವಾಗ ವೋಗನ್ನರು ಅದನ್ನು ಕೆಡವಿದರು. ರಸ್ತೆಯ ಪ್ರಸಂಗಕ್ಕೂ ತತ್ತ್ವದ ಪ್ರಸಂಗಕ್ಕೂ ಇಲ್ಲಿ ಗಂಟು ಬೀಳುತ್ತದೆ.

ದೋಷಗಳೂ ಇಲ್ಲದಿಲ್ಲ. ಟ್ರಿಲಿಯನ್ ಎಂಬ ಏಕೈಕ ಮಾನುಷ ಸ್ತ್ರೀಪಾತ್ರವು ಹೆಸರಿಗಷ್ಟೇ ಉಂಟು. ರೇಡಿಯೋದ ಮೊದಲ ನಾಲ್ಕು ಕಂತುಗಳನ್ನು ಬೆಳೆಸಿ ಮಾಡಿದ ಈ ಕಾದಂಬರಿಯು ಮುಗಿಯುವುದಿಲ್ಲ, ನಿಲ್ಲುತ್ತದೆ ಅಷ್ಟೆ. ಬರವಣಿಗೆಯಲ್ಲಿ ಆಡಮ್ಸನ ವಿಳಂಬವು ಪ್ರಕಾಶಕರಿಗೆ ಚೆನ್ನಾಗಿ ತಿಳಿದಿದ್ದ ಸಂಗತಿ. ಅನಂತರ 1992ರವರೆಗೆ ಬಂದ ನಾಲ್ಕು ಭಾಗಗಳಲ್ಲಿ ಕಡೆಯದು ತೀರ ಕತ್ತಲೆಯದು. 2001ರಲ್ಲಿ ನಲವತ್ತೊಂಬತ್ತನೆಯ ವಯಸ್ಸಿನಲ್ಲಿಯೇ ಆತನು ತೀರಿಕೊಂಡನು.

ಈ ಕಚೇರಿಯಂಥ ವಿಶ್ವದಲ್ಲಿ ತನ್ನ ಕೆಲಸವನ್ನು ಪ್ರೀತಿಸುವವನು ಒಬ್ಬನುಂಟು: ಗ್ರಹಗಳನ್ನು ನಿರ್ಮಿಸುವ ಮುದುಕ ಸ್ಲಾರ್ಟಿಬಾರ್ಟ್‌ಫಾಸ್ಟ್. ಕಡಲತೀರಗಳನ್ನು ಕೊರೆಯುವುದು ಅವನ ಕಸುಬು. ನಾರ್ವೆಯ ತೀರಕ್ಕಾಗಿ ಬಹುಮಾನ ಪಡೆದವನು. ಎರಡನೆಯ ಭೂಮಿಯ ಕೆಲಸದಲ್ಲಿ ಅವನ ಪಾಲಿಗೆ ಬಂದಿರುವುದು ಆಫ್ರಿಕಾ. ಕಡಲು ಒಳನುಗ್ಗಿದ ಫಿಯೋರ್ಡುಗಳ ಕುಸುರಿಯು ಭೂಮಧ್ಯರೇಖೆಯ ಖಂಡಕ್ಕೆ ಒಪ್ಪುವುದಿಲ್ಲವೆಂದು ಮೇಲಿನವರು ಆಕ್ಷೇಪಿಸಿರುವರು. ಮುದುಕನು ಆಫ್ರಿಕಾದ ಅಂಚಿಗೂ ಫಿಯೋರ್ಡುಗಳನ್ನೇ ಕೊರೆಯುತ್ತಿರುವನು.