ಸಣ್ಣ ಮೈಕಟ್ಟಿನ ಮಹಿಳೆಯರ ಶಕ್ತಿ ಸಾಧನೆ: ಗುರಿ ಹೇಗಿರಬೇಕು?

ಪ್ರಾಪ್ತ ವಯಸ್ಸಿನ ನಂತರ ವ್ಯಾಯಾಮದಿಂದ ಎತ್ತರ ಹೆಚ್ಚುವುದಿಲ್ಲ. ಆದರೆ ಸ್ನಾಯುಬಲವನ್ನು ಹೆಚ್ಚಿಸಿಕೊಳ್ಳಬಹುದು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನ 49 ಕಿಲೋಗ್ರಾಂ ವಿಭಾಗದಲ್ಲಿ ಬೆಳ್ಳಿ ಪದಕ ಗಳಿಸಿದ ಮಣಿಪುರದ ಮೀರಾಬಾಯಿ ಚಾನು, ತಮ್ಮ ತೂಕದ ಎರಡು ಪಟ್ಟಿಗೂ ಮಿಗಿಲಾದ 115 ಕಿಲೋಗ್ರಾಂ ಭಾರವನ್ನು ಎತ್ತಿದರು.

ಭಾರ ಎತ್ತುವ ಅಭ್ಯಾಸದ ಮೊದಲ ವಾರಗಳಲ್ಲಿ ನರಗಳು ಸ್ನಾಯುಗಳನ್ನು ಸಮರ್ಥವಾಗಿ ದುಡಿಸಲು ಕಲಿಯುವುದರಿಂದ ಬಲ ಹೆಚ್ಚುತ್ತದೆ. ಮೈಕಟ್ಟು ಬದಲಾಗಲು ತಿಂಗಳುಗಳೇ ಬೇಕು. ಇದನ್ನರಿಯದೆ ಹಲವರು ನಿರಾಶರಾಗಿ ಅಭ್ಯಾಸವನ್ನೇ ಕೈಬಿಡುತ್ತಾರೆ. ಕನ್ನಡಿಗಿಂತಲೂ, ಇತರರ ಹೋಲಿಕೆಗಿಂತಲೂ ಹಿಂದಿನ ತಿಂಗಳು ತಾವೇ ಎತ್ತಿದ ಭಾರವನ್ನು ಅಳತೆಗೋಲಾಗಿಸಿಕೊಳ್ಳುವುದು ಯುಕ್ತ.

ವಾರಕ್ಕೆ ಕನಿಷ್ಠ 2 ದಿನ ಅಭ್ಯಾಸ, ಬೇಳೆಕಾಳು, ಹಾಲು, ಮೊಟ್ಟೆಗಳಂತಹ ಪ್ರೋಟೀನ್‌ಯುಕ್ತ ಆಹಾರ, ಸಾಕಷ್ಟು ನಿದ್ರೆ ಇವು ಅವಶ್ಯಕ. ತೆಳ್ಳಗಾಗುವ ಹಂಬಲದಿಂದ ಊಟ ಬಿಟ್ಟರೆ ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆ.