ಎದೆಹಾಲಿನ ಜೊತೆಗೊಂದು ಒಳಲೆ ಡಬ್ಬಿ ಹಾಲು

ಸಂಜೆ ಐದು ದಾಟಿತೆಂದರೆ ಎಷ್ಟೋ ಎಳೆಕೂಸುಗಳು ಎದೆ ಬಿಡುವುದೇ ಇಲ್ಲ. ಹತ್ತು ನಿಮಿಷ ಕುಡಿದು ಕಣ್ಣು ಮುಚ್ಚುತ್ತವೆ, ತೊಟ್ಟಿಲಿಗೆ ಹಾಕುತ್ತಿದ್ದಂತೆ ಕಿರುಚುತ್ತವೆ, ಮತ್ತೆ ಬಾಯಿ ಚಪ್ಪರಿಸುತ್ತ ಎದೆ ಹುಡುಕುತ್ತವೆ. ರಾತ್ರಿ ಒಂಬತ್ತರವರೆಗೂ ಇದೇ ಪಾಡು. ಅಷ್ಟರೊಳಗೆ ನಡುಮನೆಯಿಂದ ಆ ಮಾತು ಬಂದೇ ಬರುತ್ತದೆ: "ಹಾಲು ಸಾಲ್ತಿಲ್ಲ ಅನ್ಸುತ್ತೆ ಕಣಮ್ಮ, ಒಂದು ಡಬ್ಬಿ ತರಿಸ್ಬಾರ್ದಾ?" ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ ಬಿಇಎಂಎಲ್ ಲೇಔಟ್ ಇರಲಿ, ಐಡಿಯಲ್ ಹೋಮ್ಸ್ ಇರಲಿ, ಚನ್ನಸಂದ್ರದ ಕಡೆಯ ಹೊಸ ಬಡಾವಣೆಗಳಿರಲಿ, ನಡೆದು ಹೋಗುವಷ್ಟು ದೂರದಲ್ಲಿ ಮೆಡಿಕಲ್ ಶಾಪ್ ಇದ್ದೇ ಇರುತ್ತದೆ. ಆ್ಯಪ್‌ನಲ್ಲಿ ಒತ್ತಿದರಂತೂ ಮಗು ಇನ್ನೊಮ್ಮೆ ಅಳುವಷ್ಟರಲ್ಲಿ ಡಬ್ಬಿ ಬಾಗಿಲಿಗೇ ಬರುತ್ತದೆ. ಅದನ್ನು ಯಾವಾಗ ಕೊಡಬೇಕು, ಎಷ್ಟು ಕೊಡಬೇಕು, ಕೊಡುತ್ತಲೇ ಎದೆಹಾಲನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಕೂತು ಹೇಳುವವರು ಮಾತ್ರ ಸುಲಭಕ್ಕೆ ಸಿಗುವುದಿಲ್ಲ.

ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಮೆತ್ತನೆಯ ಊಟದ ಜೊತೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಇದು, ಇದರಲ್ಲಿ ತಕರಾರಿಲ್ಲ. ಆದರೆ ಮನೆಗಳ ಒಳಗಿನ ಸಂಗತಿ ಬೇರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆರು ತಿಂಗಳೊಳಗಿನ ಮಕ್ಕಳಲ್ಲಿ ಬರೀ ಎದೆಹಾಲು ಕುಡಿಯುತ್ತಿದ್ದವರು ಶೇ 63.7. ಉಳಿದ ಮೂರರಲ್ಲೊಂದಕ್ಕೂ ಹೆಚ್ಚು ಮಕ್ಕಳ ಬಾಯಿಗೆ ನೀರೋ, ಹಸುವಿನ ಹಾಲೋ, ಪುಡಿ ಹಾಲೋ ಬೀಳುತ್ತಿದೆ. ಇಷ್ಟು ಮನೆಗಳಲ್ಲಿ ನಡೆಯುವ ಕೆಲಸವನ್ನು ತಾಯಂದಿರು ತಪ್ಪು ಮಾಡಿದವರಂತೆ ತಗ್ಗಿದ ದನಿಯಲ್ಲಿ ಹೇಳಿಕೊಳ್ಳಬೇಕಾಗಿದೆ. ಆ ಸಂಕೋಚದಿಂದಲೇ ಮಗುವಿಗೆ ಹೆಚ್ಚು ಕೇಡಾಗುತ್ತದೆ. ಗುಟ್ಟಾಗಿ ಕಲಸಿದ ಹಾಲಿನ ಅಳತೆಯನ್ನು ಯಾರೂ ಸರಿಪಡಿಸುವುದಿಲ್ಲ.

ಡಬ್ಬಿ ತೆರೆಯುವ ಮುಂಚೆ ಕೇಳಬೇಕಾದದ್ದು ಒಂದಿದೆ: ಹಾಲು ನಿಜಕ್ಕೂ ಸಾಲುತ್ತಿಲ್ಲವೇ? ಸಂಜೆಯ ಹೊತ್ತು ಪದೇಪದೇ ಎದೆ ಕೇಳುವುದು ಎಳೆಮಕ್ಕಳ ಸಹಜ ಗುಣ. ಎದೆ ಮೆತ್ತಗಾದ ಮಾತ್ರಕ್ಕೆ ಬರಿದಾಯಿತೆಂದಲ್ಲ. ಪಂಪ್‌ನಲ್ಲಿ ಹತ್ತೇ ಎಂಎಲ್ ಬಂತೆಂದರೆ ಮಗುವಿಗೂ ಅಷ್ಟೇ ಸಿಗುತ್ತಿದೆ ಎಂದೂ ಅಲ್ಲ. ನಂಬಬೇಕಾದ ಲೆಕ್ಕಗಳು ಎರಡು. ಐದನೇ ದಿನದ ಹೊತ್ತಿಗೆ ಮಗು ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಹೊಯ್ಯಬೇಕು. ಹುಟ್ಟಿದಾಗಿನ ತೂಕದಲ್ಲಿ ಮೊದಲ ದಿನಗಳಲ್ಲಿ ಸ್ವಲ್ಪ ಇಳಿಯುವುದು ಸಹಜ, ಎರಡು ವಾರದೊಳಗೆ ಅದು ಮರಳಿ ಬರಬೇಕು, ಅಲ್ಲಿಂದಾಚೆಗೆ ಮೊದಲ ತಿಂಗಳುಗಳಲ್ಲಿ ದಿನಕ್ಕೆ 20ರಿಂದ 30 ಗ್ರಾಂ ಏರುತ್ತಿರಬೇಕು. ಇವೆರಡೂ ಸರಿಯಿದ್ದರೆ ಮಗು ಎಷ್ಟು ಅತ್ತರೂ ಹಾಲು ಸಾಲುತ್ತಿದೆ. ಇಳಿಕೆ ಶೇಕಡಾ ಹತ್ತರ ಹತ್ತಿರ ಬಂದರೆ, ಉಚ್ಚೆ ಕಮ್ಮಿಯಾದರೆ, ಮಗು ಹಾಲಿಗೂ ಏಳದೆ ಜೊಂಪು ಹತ್ತಿದಂತೆ ಮಲಗಿದರೆ ಅದೇ ದಿನ ಮಕ್ಕಳ ಡಾಕ್ಟರ ಬಳಿ ಓಡಬೇಕು.

ನಿಜವಾಗಿಯೂ ಸಾಲದಿರುವ ಸಂದರ್ಭಗಳು ಇವೆ, ಅವು ತಾಯಿಯ ಸೋಮಾರಿತನದಿಂದ ಬಂದವಲ್ಲ. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇ 31.5 ಸಿಸೇರಿಯನ್. ಹೊಟ್ಟೆ ಕೊಯ್ದ ಹೆರಿಗೆಯಲ್ಲಿ ಹಾಲು ಇಳಿಯುವುದು ಒಂದೆರಡು ದಿನ ತಡವಾಗಬಹುದು. ಥೈರಾಯ್ಡ್, ಪಿಸಿಒಡಿ, ಹೆರಿಗೆಯಲ್ಲಿ ಹೆಚ್ಚು ರಕ್ತ ಹೋಗಿರುವುದು, ಕಸದ (ಮಾಸಿನ) ಚೂರು ಒಳಗೇ ಉಳಿದಿರುವುದು, ಅವಳಿ ಮಕ್ಕಳು, ದಿನ ತುಂಬದೆ ಹುಟ್ಟಿ ಚೀಪಲು ಶಕ್ತಿಯಿಲ್ಲದ ಕೂಸು, ಹೀಗೆ ಕಾರಣ ಹಲವು. ಇಂಥಲ್ಲಿ ಫಾರ್ಮುಲಾ ಹಾಲನ್ನು ಔಷಧಿಯಂತೆ ನೋಡಬೇಕು: ಕಾರಣ ಗೊತ್ತಿರಬೇಕು, ಅಳತೆ ಇರಬೇಕು, ಎಷ್ಟು ದಿನ ಎಂಬುದನ್ನು ಆಗಾಗ ತೂಕ ನೋಡಿ ತೀರ್ಮಾನಿಸಬೇಕು.

ಅಳತೆಯ ಮಾತು ಬಂದಾಗ ಒಂದು ಅಧ್ಯಯನ ನೆನಪಾಗುತ್ತದೆ. ಕ್ಯಾಲಿಫೋರ್ನಿಯಾದ ವೈದ್ಯೆ ವ್ಯಾಲೆರಿ ಫ್ಲಾಹರ್‌ಮನ್ ಮತ್ತು ಸಂಗಡಿಗರು ತೂಕ ಇಳಿದ 40 ಶಿಶುಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪ್ರತಿ ಸಲ ಎದೆಹಾಲಾದ ಮೇಲೆ ಸಿರಿಂಜ್‌ನಲ್ಲಿ ಬರೀ 10 ಎಂಎಲ್ ಫಾರ್ಮುಲಾ ಕೊಟ್ಟರು. ತಾಯಿಗೆ ಹಾಲು ಇಳಿದ ಕೂಡಲೇ ನಿಲ್ಲಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮೂರನೇ ತಿಂಗಳಿಗೆ ಆ ಗುಂಪಿನ ಶೇ 79 ಮಕ್ಕಳು ಬರೀ ಎದೆಹಾಲು ಕುಡಿಯುತ್ತಿದ್ದರು, ಇನ್ನೊಂದು ಗುಂಪಿನಲ್ಲಿ ಶೇ 42. ಮುಂದೆ 164 ಶಿಶುಗಳ ದೊಡ್ಡ ಪ್ರಯೋಗ ನಡೆದಾಗ ಇಂಥ ಲಾಭ ಕಾಣಲಿಲ್ಲ; ಮೊದಲ ತಿಂಗಳಿನಲ್ಲಿ ನಷ್ಟವೂ ಕಾಣಲಿಲ್ಲ. ಹಾಗಾಗಿ ಇದನ್ನು ಎಲ್ಲ ಮಕ್ಕಳಿಗೂ ಕೊಡಿ ಎಂಬ ಅಪ್ಪಣೆಯೆಂದು ಓದಬಾರದು. ಒಂದು ಹನಿ ಡಬ್ಬಿ ಹಾಲು ಬಾಯಿಗೆ ಬಿದ್ದರೆ ಎದೆಹಾಲಿನ ಕಥೆ ಮುಗಿಯಿತು ಎಂಬ ಹೆದರಿಕೆಗೆ ಆಧಾರವಿಲ್ಲ ಎಂದಷ್ಟೇ ಓದಬೇಕು. ಆ ಹತ್ತು ಎಂಎಲ್ ಎಷ್ಟು ಕಡಿಮೆ ಎಂಬುದನ್ನೂ ಗಮನಿಸಬೇಕು. ಹುಟ್ಟಿದ ಮೊದಲ ದಿನ ಮಗುವಿಗೆ ಒಂದು ಸಲಕ್ಕೆ ಬೇಕಾಗುವುದೇ 2ರಿಂದ 10 ಎಂಎಲ್. ಅಂಥ ಕೂಸಿಗೆ ಬಾಟಲಿ ತುಂಬ 60 ಎಂಎಲ್ ಕುಡಿಸಿ ಮಲಗಿಸಿದರೆ ಅದು ನಾಲ್ಕು ಗಂಟೆ ಏಳುವುದಿಲ್ಲ, ತಾಯಿಯ ಎದೆಗೂ ಕೆಲಸವಿಲ್ಲ.

ಎದೆಹಾಲಿನ ಲೆಕ್ಕಾಚಾರವೇ ಹಾಗೆ. ತೆಗೆದಷ್ಟು ಊರುತ್ತದೆ, ಬಿಟ್ಟರೆ ಬತ್ತುತ್ತದೆ. ಮಗು ಚೀಪಿದಾಗ ಹಾಲು ಉತ್ಪತ್ತಿ ಮಾಡುವ ಪ್ರೊಲ್ಯಾಕ್ಟಿನ್ ಏರುತ್ತದೆ, ರಾತ್ರಿ ಹೊತ್ತು ಇನ್ನೂ ಹೆಚ್ಚು. ಎದೆ ತುಂಬಿದ ಹಾಗೇ ಇದ್ದರೆ ಉತ್ಪತ್ತಿ ತಾನಾಗಿ ನಿಧಾನವಾಗುತ್ತದೆ. ಎರಡೂ ಹಾಲು ಕೊಡುವವರು ಮನಸ್ಸಿನಲ್ಲಿಡಬೇಕಾದ ಕ್ರಮ ಇಲ್ಲಿಂದಲೇ ಹುಟ್ಟುತ್ತದೆ. ಮೊದಲು ಎರಡೂ ಕಡೆ ಎದೆ, ಆಮೇಲೆ ಅಳೆದ ಮೇಲುಹಾಲು. ಯಾವುದಾದರೂ ಒಂದು ಸಲ ಬರೀ ಡಬ್ಬಿ ಹಾಲನ್ನೇ ಕೊಟ್ಟರೆ ಆ ಹೊತ್ತಿಗೆ ಕೈಯಿಂದಲೋ ಪಂಪ್‌ನಿಂದಲೋ ಹಾಲು ತೆಗೆಯಬೇಕು. ತಾಯಿ ಮಲಗಲಿ ಎಂಬ ಕಾಳಜಿಯಿಂದ ಮನೆಯವರು ರಾತ್ರಿಯ ಸರದಿಯನ್ನೇ ಪೂರ್ತಿ ಬಾಟಲಿಗೆ ಒಪ್ಪಿಸುತ್ತಾರೆ. ಹಾಲು ಊರುವ ಹೊತ್ತೇ ಅದಾದ್ದರಿಂದ ಮೊದಲ ವಾರಗಳಲ್ಲಿ ಕನಿಷ್ಠ ಒಂದೆರಡು ಸಲವಾದರೂ ಎದೆಗೆ ಹಾಕುವುದು ಒಳ್ಳೆಯದು. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯದ ಬಾಣಂತಿ ಪಥ್ಯ ಊಟವಾಗಿ ಚೆನ್ನ, ಆದರೆ ಮಗು ಎದೆ ಚೀಪುವ ಕೆಲಸವನ್ನು ಸೊಪ್ಪು ಮಾಡಲಾರದು. ಬಾಣಂತಿಗೆ ನೀರು ಕೊಡಬಾರದೆಂಬ ಪದ್ಧತಿ ಇನ್ನೂ ಉಳಿದಿದ್ದರೆ ಅದನ್ನು ಇವತ್ತೇ ಬಿಡಬೇಕು.

ಮೇಲುಹಾಲು ಕೊಡಲು ಬಾಟಲಿಯೇ ಬೇಕೆಂದಿಲ್ಲ. ನಮ್ಮ ಮನೆಗಳಲ್ಲಿ ಒಳಲೆ ಇದೆ. ಅಂಗೈಯಲ್ಲಿ ಹಿಡಿಸುವ ಪುಟ್ಟ ಬಟ್ಟಲು, ಒಂದು ಕಡೆ ಕಿರಿದಾಗುತ್ತ ಬಂದ ಮೂತಿ. ತವರಿನವರು ಬೆಳ್ಳಿಯದನ್ನು ಮಾಡಿಸಿಕೊಡುತ್ತಾರೆ, ಸ್ಟೀಲಿನದು ಪಾತ್ರೆ ಅಂಗಡಿಯಲ್ಲಿ ಸಿಗುತ್ತದೆ. ಹಿಂದೆ ಅದರಲ್ಲಿ ಹರಳೆಣ್ಣೆ, ತೇಯ್ದ ಬಜೆ ಕುಡಿಸುತ್ತಿದ್ದರು. ಎಳೆಗೂಸಿಗೆ ಅವೆರಡೂ ಬೇಡ, ಪಾತ್ರೆ ಮಾತ್ರ ಬೇಕು. ದಕ್ಷಿಣ ಭಾರತದ ಆಸ್ಪತ್ರೆಗಳ ಶಿಶು ತೀವ್ರ ನಿಗಾ ಘಟಕಗಳಲ್ಲಿ ದಿನ ತುಂಬದ ಮಕ್ಕಳಿಗೆ ಹಾಲುಣಿಸುವ 'ಪಾಲಾಡೆ' ಇದೇ ಆಕಾರದ್ದು. ಮಗುವನ್ನು ತೊಡೆಯ ಮೇಲೆ ಅರ್ಧ ಕೂರಿಸಿದಂತೆ ಹಿಡಿದು, ಮೂತಿಯನ್ನು ಕೆಳತುಟಿಯ ಮೇಲೆ, ಬಾಯಿಯ ಓರೆಗೆ ಇಟ್ಟು ಕೊಂಚವೇ ಬಾಗಿಸಬೇಕು. ಗಂಟಲಿಗೆ ಸುರಿಯಬಾರದು, ಮಗು ನುಂಗಿ ಉಸಿರು ತೆಗೆದುಕೊಂಡ ಮೇಲೆ ಮತ್ತೆ ಬಾಗಿಸಬೇಕು. ಬಾಟಲಿಗಿಂತ ತೊಳೆಯುವುದು ಸುಲಭ, ಸಂದುಗೊಂದು ಇಲ್ಲ, ಕುದಿಯುವ ನೀರಿನಲ್ಲಿ ಹಾಕಿ ತೆಗೆದರಾಯಿತು. ಬಾಟಲಿಯನ್ನೇ ಬಳಸುವವರು ನಿಧಾನಕ್ಕೆ ಬರುವ ನಿಪ್ಪಲ್ ಆರಿಸಿಕೊಂಡು, ಬಾಟಲಿಯನ್ನು ಅಡ್ಡವಾಗಿ ಹಿಡಿದು, ನಡುನಡುವೆ ಬಿಡುವು ಕೊಡಬೇಕು. ಸಲೀಸಾಗಿ ಸುರಿಯುವ ಹಾಲಿಗೆ ಒಗ್ಗಿದ ಮಗು ಎದೆಯ ಬಳಿ ಹಟ ಹಿಡಿಯುತ್ತದೆ.

ಇನ್ನು ಕಲಸುವ ವಿಚಾರ. ಇಲ್ಲಿ ಸ್ವಲ್ಪ ನಿಲ್ಲಲೇಬೇಕು, ಏಕೆಂದರೆ ರಾಜರಾಜೇಶ್ವರಿನಗರದಲ್ಲಿ ಇದು ನೀರಿನ ಪ್ರಶ್ನೆಯೂ ಹೌದು. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದು ಕುಳಿತ ಬಡಾವಣೆಗಳಲ್ಲಿ ಈ ಭಾಗದವೂ ಇದ್ದವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ನೀರು ಕೊಡುವ ಕೆಲಸ ಶುರುವಾಯಿತು. ಆದರೂ ಹಲವು ಅಪಾರ್ಟ್‌ಮೆಂಟ್‌ಗಳ ಸಂಪಿನಲ್ಲಿ ಬೋರ್‌ವೆಲ್ ನೀರು, ಟ್ಯಾಂಕರ್ ನೀರು, ಕಾವೇರಿ ನೀರು ಎಲ್ಲ ಬೆರೆತಿರುತ್ತದೆ. ಕೇಂದ್ರ ಅಂತರ್ಜಲ ಮಂಡಳಿ ಕರ್ನಾಟಕದಲ್ಲಿ ಪರೀಕ್ಷಿಸಿದ ಅಂತರ್ಜಲದ ಮಾದರಿಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ನೈಟ್ರೇಟ್ ಮಿತಿ ಮೀರಿತ್ತು. ಮಿತಿ ಲೀಟರಿಗೆ 45 ಮಿಲಿಗ್ರಾಂ. ದೊಡ್ಡವರ ದೇಹ ತಡೆದುಕೊಳ್ಳುವ ನೈಟ್ರೇಟ್, ಆರು ತಿಂಗಳೊಳಗಿನ ಕೂಸಿನ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕುಗ್ಗಿಸಬಲ್ಲದು. ಮೈ ನೀಲಿಗಟ್ಟುವುದು ಅದರ ಲಕ್ಷಣ. ಕುದಿಸಿದರೆ ಕ್ರಿಮಿ ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತ ಹೋಗುತ್ತದೆ. ಯುವಿ ಫಿಲ್ಟರ್, ಕ್ಯಾಂಡಲ್ ಫಿಲ್ಟರ್ ಕೂಡ ಅದನ್ನು ಹಿಡಿಯುವುದಿಲ್ಲ, ಆರ್‌ಒ ಬಹುಪಾಲು ತೆಗೆಯುತ್ತದೆ. ಆದ್ದರಿಂದ ಮಗುವಿನ ಹಾಲಿಗೆ ಬೋರ್‌ವೆಲ್ ನೀರು ಬಳಸುವವರು ಒಮ್ಮೆ ನೀರು ಪರೀಕ್ಷೆ ಮಾಡಿಸಬೇಕು. ಇಲ್ಲವಾದರೆ ಕಾವೇರಿ ನೀರನ್ನೋ ಆರ್‌ಒ ನೀರನ್ನೋ ಕುದಿಸಿ ಬಳಸಬೇಕು.

ಹಾಲಿನ ಪುಡಿ ನೋಡಲು ಶುದ್ಧ, ಆದರೆ ಕ್ರಿಮಿರಹಿತವಲ್ಲ. ಕ್ರೋನೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಅದರಲ್ಲಿ ಅಪರೂಪಕ್ಕೆ ಇರಬಹುದು, ನವಜಾತ ಶಿಶುವಿಗೆ ಅದು ಜೀವಕ್ಕೇ ಕುತ್ತು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2007ರ ಮಾರ್ಗಸೂಚಿಯಲ್ಲಿ 70 ಡಿಗ್ರಿಗಿಂತ ತಣ್ಣಗಾಗದ ನೀರಿನಲ್ಲಿ ಕಲಸಿ ಎಂದಿತು: ಕುದಿಸಿ ಇಳಿಸಿದ ಅರ್ಧ ಗಂಟೆಯೊಳಗಿನ ನೀರು. ಕಲಸಿದ ಮೇಲೆ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಆರಿಸಿ, ಮಣಿಕಟ್ಟಿನ ಮೇಲೆ ಹನಿ ಹಾಕಿ ನೋಡಿ ಕೊಡಬೇಕು. ಸಾಮಾನ್ಯವಾಗಿ 30 ಎಂಎಲ್ ನೀರಿಗೆ ಮಟ್ಟಸವಾದ ಒಂದು ಚಮಚ, ಆ ಡಬ್ಬಿಯೊಳಗಿನ ಚಮಚವೇ. ಮೊದಲು ನೀರು, ಆಮೇಲೆ ಪುಡಿ. ನಾಲ್ಕು ಕಿಲೋ ತೂಗುವ ಮಗು ಪೂರ್ತಿ ಡಬ್ಬಿ ಹಾಲನ್ನೇ ಕುಡಿದರೆ 400 ಗ್ರಾಂ ಡಬ್ಬಿ ಐದು ದಿನವೂ ಬರುವುದು ಕಷ್ಟ. ಹಾಗಾಗಿ ದುಡ್ಡಿನ ಚಿಂತೆಗೆ ಪುಡಿ ಕಡಿಮೆ ಹಾಕುವ ಮನೆಗಳಿವೆ, ಮಗು ದಪ್ಪಗಾಗಲಿ ಎಂದು ಒಂದು ಚಮಚ ಜಾಸ್ತಿ ಹಾಕುವ ಮನೆಗಳೂ ಇವೆ. ನೀರಾದರೆ ಮಗು ಸೊರಗುತ್ತದೆ, ರಕ್ತದ ಸೋಡಿಯಂ ಇಳಿದು ಫಿಟ್ಸ್ ಬರಬಹುದು. ಗಟ್ಟಿಯಾದರೆ ಮೂತ್ರಪಿಂಡಕ್ಕೆ ಭಾರ. ಮಗು ಬಾಯಿಟ್ಟು ಉಳಿಸಿದ ಹಾಲನ್ನು ಎತ್ತಿಡಬಾರದು, ಚೆಲ್ಲಬೇಕು.

ಈ ಡಬ್ಬಿಗೆ ನಮ್ಮದೇ ನಾಡಿನ ಇತಿಹಾಸವೂ ಒಂದಿಷ್ಟು ಅಂಟಿಕೊಂಡಿದೆ. ರಾಜರಾಜೇಶ್ವರಿನಗರದ ಕಮಾನು ನಿಂತಿರುವುದು ಮೈಸೂರು ರಸ್ತೆಯಲ್ಲಿ. ಆ ರಸ್ತೆಯ ಇನ್ನೊಂದು ತುದಿಯಲ್ಲಿ, ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಶುರುವಾದ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು, ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನ ಕಂಡುಹಿಡಿದರು. ಎಮ್ಮೆ ಹಾಲಿನ ಕೊಬ್ಬು ಹೆಚ್ಚು, ಹೊಟ್ಟೆಯಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ, ಅದು ಕೂಸಿಗೆ ಒಗ್ಗದು ಎಂದೇ ಹೊರದೇಶದ ಪರಿಣತರು ಹೇಳುತ್ತಿದ್ದ ಕಾಲ. ಆ ತಂತ್ರವನ್ನು ಪಡೆದ ಅಮುಲ್ ದೇಶದ ಆಮದನ್ನು ತಗ್ಗಿಸಿತು. ಮೈಸೂರಿನ ಆ ಕೆಲಸ ದೊಡ್ಡದು.

ಆದರೆ ಪುಡಿ ಹಾಲಿನ ಮಾರಾಟಗಾರರು ಹೆರಿಗೆ ವಾರ್ಡಿಗೇ ನುಗ್ಗಿದ್ದರ ಫಲವಾಗಿ 1981ರಲ್ಲಿ ಅಂತರರಾಷ್ಟ್ರೀಯ ಸಂಹಿತೆ ಬಂತು, ಭಾರತ 1992ರಲ್ಲಿ ಕಾಯ್ದೆ ಮಾಡಿ 2003ರಲ್ಲಿ ಬಿಗಿಗೊಳಿಸಿತು. ಫಾರ್ಮುಲಾ ಜಾಹೀರಾತು ಇಲ್ಲ, ತಾಯಿಗೆ ಉಚಿತ ಸ್ಯಾಂಪಲ್ ಇಲ್ಲ, ಡಬ್ಬಿಯ ಮೇಲೆ ಮಗುವಿನ ಚಿತ್ರವಿಲ್ಲ, ತಾಯಿಯ ಹಾಲೇ ಶ್ರೇಷ್ಠ ಎಂಬ ಸಾಲು ಕಡ್ಡಾಯ. ಕಾಯ್ದೆ ಬೇಕೇ ಬೇಕು. ಆದರೆ ಅದು ಕಂಪನಿಗಳ ಬಾಯಿ ಕಟ್ಟುತ್ತದೆಯೇ ಹೊರತು ನರ್ಸಮ್ಮನ ಬಾಯನ್ನಲ್ಲ. ಮೇಲುಹಾಲು ಬೇಕಾದ ತಾಯಿಗೆ ಕಲಸುವ ಕ್ರಮವನ್ನು ಡಿಸ್ಚಾರ್ಜ್‌ಗೆ ಮುಂಚೆ ಕೈಹಿಡಿದು ತೋರಿಸಿದರೆ ಯಾವ ಕಾನೂನೂ ಮುರಿಯುವುದಿಲ್ಲ.

ದಿನ ತುಂಬದೆ ಹುಟ್ಟಿ ಆಸ್ಪತ್ರೆಯಲ್ಲೇ ಇರುವ ಕೂಸುಗಳಿಗೆ ಡಬ್ಬಿಗಿಂತ ಮೊದಲ ಆಯ್ಕೆ ಇನ್ನೊಬ್ಬ ತಾಯಿಯ ಹಾಲು. ಮುಂಬೈನ ಸಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ 1989ರಲ್ಲಿ ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ ತೆರೆದರು. ಬೆಂಗಳೂರಿನ ವಾಣಿವಿಲಾಸ ಸರ್ಕಾರಿ ಆಸ್ಪತ್ರೆಗೆ 2022ರಲ್ಲಿ 'ಅಮೃತಧಾರೆ' ಬಂತು. ಇಂಥ ಬ್ಯಾಂಕ್‌ಗಳು ದಾನಿಯ ರಕ್ತ ಪರೀಕ್ಷಿಸಿ, ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ಫ್ರೀಜ್ ಮಾಡಿ ಇಡುತ್ತವೆ.

ಕೆಲಸಕ್ಕೆ ಮರಳುವ ತಾಯಂದಿರ ಲೆಕ್ಕ ಬೇರೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆ 26 ವಾರ, 50 ಮಂದಿಗಿಂತ ಕಡಿಮೆಯಿಲ್ಲದ ಸಂಸ್ಥೆಯಲ್ಲಿ ಶಿಶುಮನೆ, ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿಬರುವ ಹಕ್ಕು. ಇಲ್ಲೇ ಇರುವ ಗ್ಲೋಬಲ್ ವಿಲೇಜ್ ಟೆಕ್ ಪಾರ್ಕ್‌ನಲ್ಲಿ ಕೆಲಸವಾದರೆ ಮನೆ ಹತ್ತಿರ. ನೇರಳೆ ಮಾರ್ಗದ ಮೆಟ್ರೊ ಹಿಡಿದು ವೈಟ್‌ಫೀಲ್ಡ್‌ಗೆ ಹೋಗುವವರಿಗೆ ಒಂದೇ ಕಡೆಗೆ ಗಂಟೆ ಮೀರುತ್ತದೆ, ಆ ನಾಲ್ಕು ಸಲದ ಹಕ್ಕು ಆಫೀಸಿನ ಶಿಶುಮನೆ ಇದ್ದರಷ್ಟೇ ಉಪಯೋಗ. ಮನೆಕೆಲಸಕ್ಕೆ ಹೋಗುವ, ಗಾರ್ಮೆಂಟ್ಸ್‌ನಲ್ಲಿ ದಿನಗೂಲಿಯಂತೆ ದುಡಿಯುವ ಹೆಂಗಸರಿಗೆ ಎಷ್ಟೋ ಸಲ 26 ವಾರವೂ ದಕ್ಕುವುದಿಲ್ಲ. ಮಿಶ್ರ ಆಹಾರ ಅವರ ಪಾಲಿಗೆ ಆಯ್ಕೆಯಲ್ಲ, ಅನಿವಾರ್ಯ. ಬೆಳಿಗ್ಗೆ ಹೊರಡುವ ಮುನ್ನ, ಸಂಜೆ ಬಂದ ಕೂಡಲೇ, ರಾತ್ರಿಯಿಡೀ ಎದೆಹಾಲು, ನಡುವೆ ಹಿಂಡಿಟ್ಟ ಹಾಲು, ಸಾಲದ್ದಕ್ಕೆ ಫಾರ್ಮುಲಾ: ಹೀಗೆ ನಡೆಸಬಹುದು. ಹಿಂಡಿದ ಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ನಾಲ್ಕು ದಿನ ಇರುತ್ತದೆ.

ಮಗುವಿನ ತೂಕ ಹಾದಿಗೆ ಬಂದ ಮೇಲೆ ಮೇಲುಹಾಲನ್ನು ಥಟ್ಟನೆ ನಿಲ್ಲಿಸಬಾರದು. ದಿನದ ಒಟ್ಟು ಅಳತೆಯಿಂದ ಸ್ವಲ್ಪ ಸ್ವಲ್ಪವೇ ಇಳಿಸಿ, ಕೆಲವು ದಿನ ಬಿಟ್ಟು ತೂಕ ನೋಡಿ, ಆಮೇಲೆ ಇನ್ನಷ್ಟು ಇಳಿಸಬೇಕು. ಕೆಲವರಿಗೆ ಅದು ಪೂರ್ತಿ ನಿಲ್ಲುತ್ತದೆ, ಕೆಲವರಿಗೆ ದಿನಕ್ಕೆರಡು ಸಲ ಮುಂದುವರಿಯುತ್ತದೆ. ಕುಡಿದ ಎದೆಹಾಲಿನ ರೋಗನಿರೋಧಕ ಗುಣ ಈ ಎರಡೂ ಬಗೆಯ ಮಕ್ಕಳಿಗೆ ದಕ್ಕುತ್ತದೆ. ಆರನೇ, ಹತ್ತನೇ, ಹದಿನಾಲ್ಕನೇ ವಾರದ ಲಸಿಕೆಗೆಂದು ಆರೋಗ್ಯ ಕೇಂದ್ರಕ್ಕೆ ಹೋದಾಗ ಹೇಗೂ ತೂಕ ಹಾಕುತ್ತಾರೆ. ಆ ದಿನ ತಾಯಿ ಕಾರ್ಡ್ ಜೊತೆಗೆ ಹಿಂದಿನ ಮೂರು ದಿನ ಯಾವ ಹೊತ್ತಿಗೆ ಎದೆ, ಯಾವ ಹೊತ್ತಿಗೆ ಎಷ್ಟು ಎಂಎಲ್ ಡಬ್ಬಿ ಹಾಲು, ಎಷ್ಟು ಸಲ ಉಚ್ಚೆ ಎಂದು ಬರೆದ ಚೀಟಿಯನ್ನೂ, ಡಬ್ಬಿಯ ಚಮಚವನ್ನೂ ಒಯ್ದು ಡಾಕ್ಟರಿಗೋ ನರ್ಸಿಗೋ ತೋರಿಸಿದರೆ ಐದು ನಿಮಿಷದಲ್ಲಿ ತಪ್ಪು ಎಲ್ಲಿದೆ ಎಂದು ಅವರು ಹೇಳಬಲ್ಲರು.