ಮದುವೆಗೂ ಸರ್ಕಾರದ ಅಪ್ಪಣೆ

ಕೊಡಗಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ ಸಿವಿಲ್ ಸರ್ವಿಸ್ ಪರೀಕ್ಷೆ ಪಾಸು ಮಾಡಿದ್ದು 1948ರಲ್ಲಿ. ದೇಶದಲ್ಲಿ ಅದನ್ನು ಗೆದ್ದ ಮೊದಲ ಹೆಣ್ಣುಮಗಳು ಅವರು. ಆರಿಸಿಕೊಂಡದ್ದು ವಿದೇಶಾಂಗ ಸೇವೆ. ಹೆಂಗಸರಿಗೆ ಅದು ಹೊಂದುವುದಿಲ್ಲವೆಂದು ಸಂದರ್ಶನ ಮಂಡಳಿ ಬುದ್ಧಿ ಹೇಳಿತು, ಮುತ್ತಮ್ಮ ಜಗ್ಗಲಿಲ್ಲ. 1949ರಲ್ಲಿ ಕೆಲಸಕ್ಕೆ ಸೇರುವಾಗ ಮದುವೆಯಾದರೆ ರಾಜೀನಾಮೆ ಕೊಡುವುದಾಗಿ ಮುಚ್ಚಳಿಕೆ ಬರೆದುಕೊಡಬೇಕಾಯಿತು. ಗಂಡಸರಿಗೆ ಆ ತಾಪತ್ರಯ ಇರಲಿಲ್ಲ.

ಆಗಿನ್ನೂ ಸಂವಿಧಾನ ಜಾರಿಗೆ ಬಂದಿರಲಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಳ್ಳುವಂತೆಯೂ ಇಲ್ಲ. ಸರ್ಕಾರಿ ನೌಕರಿಯಲ್ಲಿ ಲಿಂಗಭೇದ ಕೂಡದೆಂದು 16ನೇ ವಿಧಿ 1950ರಲ್ಲೇ ಹೇಳಿತು. ಆಮೇಲೂ, 1961ರಲ್ಲಿ, ವಿದೇಶಾಂಗ ಸೇವೆಯ ನಿಯಮಗಳನ್ನು ಬರೆದವರು ಅದೇ ಷರತ್ತನ್ನು ಅಚ್ಚುಕಟ್ಟಾಗಿ ಸೇರಿಸಿದರು. ನಿಯಮ 8(2)ರ ಪ್ರಕಾರ ಮಹಿಳಾ ಅಧಿಕಾರಿ ಮದುವೆಗೆ ಮುನ್ನ ಲಿಖಿತ ಅನುಮತಿ ಪಡೆಯಬೇಕು. ಸಂಸಾರದಿಂದ ಕೆಲಸ ಕೆಡುತ್ತದೆಂದು ಸರ್ಕಾರಕ್ಕೆ ಅನ್ನಿಸಿದರೆ ನೌಕರಿ ಬಿಡಬೇಕು. 18(4)ರ ಪ್ರಕಾರ ವಿವಾಹಿತೆಗೆ ನೇಮಕಾತಿ ಹಕ್ಕೇ ಅಲ್ಲ. ಬ್ರಿಟಿಷರ ಬಳುವಳಿ ಎಂದು ಕೈತೊಳೆದುಕೊಳ್ಳುವುದೂ ಕಷ್ಟ: ಬ್ರಿಟನ್ ತನ್ನ ನಾಡಿನೊಳಗಿನ ಸಿವಿಲ್ ಸೇವೆಯಲ್ಲಿ ಇಂಥ ನಿರ್ಬಂಧವನ್ನು 1946ರಲ್ಲೇ ಕೈಬಿಟ್ಟಿತ್ತು.

ಮುತ್ತಮ್ಮ 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು. ಆದರೆ ಮೊದಲ ದರ್ಜೆಗೆ ಬಡ್ತಿಯ ಸರದಿ ಬಂದಾಗ ಅರ್ಹತೆ ಸಾಲದೆಂಬ ಉತ್ತರ ಬಂತು. ಅವರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು.

ಆಮೇಲಿನದು ಸರ್ಕಾರದ ಜಾಣತನ. ಅರ್ಜಿ ದಾಖಲಾದ ಕೆಲವೇ ತಿಂಗಳಲ್ಲಿ ಅದೇ ಅಧಿಕಾರಿಯಲ್ಲಿ ಅರ್ಹತೆ ಕಾಣಿಸಿತು. ಬಡ್ತಿ ಸಿಕ್ಕಿತು, ಹೇಗ್ ನಗರಕ್ಕೆ ರಾಯಭಾರಿ ಹುದ್ದೆಯೂ ಸಿಕ್ಕಿತು. 18(4) ರದ್ದಾಗಿದೆ, 8(2) ರದ್ದಾಗಲಿದೆ ಎಂದು ನ್ಯಾಯಾಲಯಕ್ಕೆ ತಿಳಿಸಲಾಯಿತು. ತಕರಾರಿನ ಬುಡವೇ ಮಾಯ! 1979ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅರ್ಜಿಯನ್ನು ವಜಾ ಮಾಡಿದರು, ಸರ್ಕಾರವನ್ನು ಮಾತ್ರ ಸುಮ್ಮನೆ ಬಿಡಲಿಲ್ಲ. ಸಂಸಾರ ಹೆಣ್ಣಿನ ಕೆಲಸಕ್ಕೆ ಅಡ್ಡಿಯಾಗುವುದಾದರೆ ಗಂಡಿಗೂ ಆಗಬೇಕಲ್ಲ ಎಂದು ಕೇಳಿದರು. ಮುತ್ತಮ್ಮನವರ ಸೇವಾ ಹಿರಿತನವನ್ನು ಪುನಃ ಪರಿಶೀಲಿಸಿ ಎಂದರು. ಕೆಲವು ಹುದ್ದೆಗಳಲ್ಲಿ ಹೆಣ್ಣು-ಗಂಡಿನ ವ್ಯತ್ಯಾಸ ನೋಡಬೇಕಾದೀತು ಎಂಬ ಮಾತನ್ನೂ ಸೇರಿಸಿದರು. ಅಷ್ಟು ಖಾರವಾದ ತೀರ್ಪಿಗೆ ಆ ಕಿಂಡಿ ಬೇಕಿರಲಿಲ್ಲ.

ಮುತ್ತಮ್ಮ 1982ರಲ್ಲಿ ನಿವೃತ್ತರಾದರು. ವಿದೇಶಾಂಗ ಕಾರ್ಯದರ್ಶಿಯ ಕುರ್ಚಿಗೆ ಮೊದಲ ಮಹಿಳೆ, ಚೋಕಿಲಾ ಅಯ್ಯರ್, ಬರುವಷ್ಟರಲ್ಲಿ 2001ನೇ ಇಸವಿಯಾಗಿತ್ತು.